ಚಳಿಯ ಮಾತು ಬಿಡಿ, ವಾಪಸ್ ಬರುವುದನ್ನು ಕೇಳಿ

ನಾನು ಕೆನಡಾದ ಉತ್ತರದ ನುನಾವುಟ್‌ನಲ್ಲಿ ವರದಿಗಾರ. ಶಿರಸಿಯ ನೆಂಟರಿಂದ ಹಿಡಿದು ಟೊರೊಂಟೊದ ಕನ್ನಡ ಗೆಳೆಯರವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಆ ಚಳಿಯಲ್ಲಿ ತಿರುಗಾಡಿ ಸುದ್ದಿ ಹೇಗೆ ತರುತ್ತೀಯ ಮಾರಾಯ?"

ಚಳಿಗೆ ಬಟ್ಟೆ ಇದೆ. ಶಾಯಿ ಹೆಪ್ಪುಗಟ್ಟುತ್ತದೆ, ಹಾಗಾಗಿ ಪೆನ್ಸಿಲ್. ಬ್ಯಾಟರಿಗಳು ಒಳಅಂಗಿಯ ಜೇಬಿನಲ್ಲಿ, ಮೈಗೆ ತಾಗಿ. ಹೊರಗಿನಿಂದ ಮನೆಯೊಳಗೆ ಕಾಲಿಡುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು, ಇಲ್ಲದಿದ್ದರೆ ಮಸೂರವೆಲ್ಲ ಬೆವರುತ್ತದೆ. ಇದೆಲ್ಲ ವಾರದಲ್ಲಿ ಕಲಿಯುವ ವಿದ್ಯೆ. ಕಷ್ಟವಿರುವುದು ಟಿಕೆಟ್ಟಿನಲ್ಲಿ.

ನುನಾವುಟ್ 1999ರ ಏಪ್ರಿಲ್ 1ರಂದು ಪ್ರತ್ಯೇಕ ಪ್ರದೇಶ (ಟೆರಿಟರಿ) ಆಯಿತು. ವಿಸ್ತೀರ್ಣ ಹತ್ತು ಕರ್ನಾಟಕದಷ್ಟು. 2021ರ ಜನಗಣತಿಯಲ್ಲಿ ಜನ 37 ಸಾವಿರವೂ ಇರಲಿಲ್ಲ. ಊರುಗಳು 25, ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ಹಡಗು ಬರುವುದು ಸಮುದ್ರದ ಮಂಜುಗಡ್ಡೆ ಕರಗಿದ ಕೆಲವೇ ತಿಂಗಳು. ಉಳಿದಂತೆ ಹಾಲು, ಔಷಧ, ರೋಗಿ, ವಕೀಲ, ವರದಿಗಾರ ಎಲ್ಲರಿಗೂ ವಿಮಾನವೇ ಗತಿ. ನ್ಯಾಯಾಲಯವೂ ಊರೂರಿಗೆ ಹಾರಿಕೊಂಡೇ ಹೋಗುತ್ತದೆ. ಅಧಿಕಾರಿಗಳ ಬಾಡಿಗೆ ವಿಮಾನದಲ್ಲಿ ಒಮ್ಮೊಮ್ಮೆ ನಮಗೂ ಒಂದು ಸೀಟು ಸಿಗುತ್ತದೆ. ಆದರೆ ಅವರು ಮೂರು ಗಂಟೆಗೆ ವಾಪಸ್ ಹೊರಟರೆ ನಾವೂ ಹೊರಡಬೇಕು. ಆ ಊರಿನಲ್ಲಿ ನಾವು ಕಂಡದ್ದು ಸಭಾಂಗಣ ಮತ್ತು ಚಹಾ ಮಾತ್ರ. ಅದನ್ನು ವರದಿ ಎಂದು ಕರೆಯಲು ನನಗೆ ನಾಚಿಕೆ.

ಒಮ್ಮೆ ಫೆಬ್ರುವರಿಯಲ್ಲಿ ರಾಜಧಾನಿ ಇಕಾಲುಯಿಟ್‌ನಿಂದ ಪ್ಯಾಂಗ್ನಿರ್ಟಂಗ್‌ಗೆ ಹೋಗಿದ್ದೆ. ಸುಮಾರು 300 ಕಿಲೋಮೀಟರ್, ಗಂಟೆಯೊಳಗಿನ ಹಾರಾಟ. ಅಲ್ಲಿಯವರು ಚಳಿಗಾಲದಲ್ಲಿ ಸಮುದ್ರದ ಮಂಜಿಗೆ ತೂತು ಕೊರೆದು, ನೂರಾರು ಮೀಟರ್ ಆಳಕ್ಕೆ ಗಾಳದ ಹಗ್ಗ ಬಿಟ್ಟು ಟರ್ಬಟ್ ಮೀನು ಹಿಡಿಯುತ್ತಾರೆ. ಮಂಜು ತಡವಾಗಿ ಕಟ್ಟಿದರೆ ಆ ವರ್ಷದ ದುಡಿಮೆಯೂ ತಡ. ಅದನ್ನು ಬರೆಯಲು ಎರಡು ದಿನ ಸಾಕೆಂದು ಲೆಕ್ಕ ಹಾಕಿದ್ದೆ. ಕೆಲಸ ಎರಡೇ ದಿನದಲ್ಲಿ ಮುಗಿಯಿತು ಕೂಡ.

ಆ ಊರಿನ ಜಲ್ಲಿಯ ರನ್‌ವೇ ಮನೆಗಳ ನಡುವೆಯೇ ಇದೆ, ಎರಡೂ ಕಡೆ ಕಡಿದಾದ ಬೆಟ್ಟ. ಮೂರನೆಯ ದಿನ ಚೀಲ ಕಟ್ಟಿಕೊಂಡು ನಿಂತೆವು. ಮೋಡದ ಮೇಲೆ ಎಲ್ಲೋ ವಿಮಾನದ ಸದ್ದು ಕೇಳಿಸಿತು. ಒಂದು ಸುತ್ತು, ಎರಡು ಸುತ್ತು. ಕಾಯುತ್ತಿದ್ದವರೆಲ್ಲ ಮಾತು ನಿಲ್ಲಿಸಿ ಮಾಡಿನತ್ತ ಕತ್ತೆತ್ತಿದ್ದರು. ಸದ್ದು ತೆಳುವಾಗುತ್ತಾ ಹೋಗಿ ನಿಂತಿತು. ಪಕ್ಕದಲ್ಲಿದ್ದ ಅಜ್ಜಿ ಕೈಗವಸು ಹಾಕಿಕೊಳ್ಳುತ್ತಾ "ಅಯುರ್ನಾರ್ಮತ್" ಎಂದರು. ಇಲ್ಲಿನ ಮೂಲನಿವಾಸಿ ಇನುಯಿಟ್ ಜನರ ಇನುಕ್ಟಿಟುಟ್ ನುಡಿಯಲ್ಲಿ ಹಾಗೆಂದರೆ, ಏನು ಮಾಡಲಾಗುತ್ತದೆ ಬಿಡು. ಅವರು ವೈದ್ಯರನ್ನು ಕಾಣಲು ಹೊರಟವರು; ನಾನಾದರೋ ಬರೀ ಕೆಲಸ ಮುಗಿಸಿ ವಾಪಸ್ ಹೊರಟವನು.

ಹೋಟೆಲಿಗೆ ಮರಳಿದರೆ ನನ್ನ ಕೋಣೆಯ ಇನ್ನೊಂದು ಮಂಚದಲ್ಲಿ ಬಾಯ್ಲರ್ ದುರಸ್ತಿಗೆ ಬಂದವರೊಬ್ಬರು ಗೊರಕೆ ಹೊಡೆಯುತ್ತಿದ್ದರು. ಇಲ್ಲಿನ ಸಣ್ಣ ಹೋಟೆಲುಗಳಲ್ಲಿ ಇದು ಮಾಮೂಲು: ದುಡ್ಡು ಕೊಡುವುದು ಮಂಚಕ್ಕೆ, ಕೋಣೆಗಲ್ಲ. ಅಮ್ಮ ಫೋನಿನಲ್ಲಿ, "ಬೇರೆ ಬಸ್ಸೇನೂ ಇಲ್ಲವೇನೋ?" ಎಂದು ಕೇಳಿದರು. ಎಷ್ಟು ಸಲ ಹೇಳಿದರೂ ಆಕೆಗೆ ಅದು ಬಸ್ಸೇ.

ಹೊರಟಿದ್ದು ಆರನೆಯ ದಿನ. ವರದಿ ಎರಡನೆಯ ದಿನವೇ ಕಚೇರಿ ಸೇರಿತ್ತು. ಈಗೀಗ ಉಪಗ್ರಹ ಇಂಟರ್ನೆಟ್ ಪರವಾಗಿಲ್ಲ. ಹಾಗಾದರೆ ಫೋನು ಮಾಡಿ ಬರೆದರಾಯಿತಲ್ಲ ಎನ್ನುವವರಿದ್ದಾರೆ. ಪಂಚಾಯಿತಿ ಅಧ್ಯಕ್ಷರಂಥವರು ಫೋನಿನಲ್ಲಿ ಸಿಗುತ್ತಾರೆ. ಮಂಜಿನ ಮೇಲೆ ಬಿರುಕು ನೋಡುತ್ತಾ ಕುಳಿತ ಮೀನುಗಾರ ಗುರುತಿಲ್ಲದ ದನಿಯೊಂದಿಗೆ, ಅದೂ ಇಂಗ್ಲಿಷಿನಲ್ಲಿ, ಮಾತಾಡುವುದಿಲ್ಲ.

ಹೆಚ್ಚುವರಿ ರಾತ್ರಿಗಳ ಬಿಲ್ಲು ನೋಡಿ ಸಂಪಾದಕರು ಬೈಯಲಿಲ್ಲ. ವರ್ಷದ ಪ್ರಯಾಣದ ಪಟ್ಟಿ ತೆಗೆದು ಗ್ರೀಸ್ ಫಿಯೋರ್ಡ್ ಹೆಸರಿನ ಮೇಲೆ ಗೆರೆ ಎಳೆದರು. ಸೇನೆ ಮತ್ತು ಹವಾಮಾನ ಠಾಣೆಗಳನ್ನು ಬಿಟ್ಟರೆ ಕೆನಡಾದ ತೀರಾ ಉತ್ತರ ತುದಿಯ ಜನವಸತಿ ಅದು. ಆ ವರ್ಷ ಅಲ್ಲಿನ ಸುದ್ದಿಯನ್ನೆಲ್ಲ ನಾನು ಫೋನಿನಲ್ಲೇ ಬರೆದೆ.