ಮೂರು ಚಿಮಣಿಯ ಹಡಗು: ಐದನೇ ವಾರ

ನಾನು ಮಾಡುತ್ತಿರುವ ಮಾದರಿ ಹಡಗಿನ ಒಡಲು ಈ ಭಾನುವಾರ ಒಂದು ಹದಕ್ಕೆ ಬಂತು. ಬಾಲ್ಸಾ ಮರ, 48 ಸೆಂಟಿಮೀಟರ್ ಉದ್ದ. ಅಸಲು ಹಡಗು ಸುಮಾರು 96 ಮೀಟರ್ ಇತ್ತು. ಹೆಸರು ಸದರ್ಡ್. ಅಮೆರಿಕದ ಯುದ್ಧ ಕಾದಂಬರಿಕಾರ ಹರ್ಮನ್ ವೋಕ್ ಎರಡನೇ ಮಹಾಯುದ್ಧದಲ್ಲಿ ದುಡಿದ ಎರಡು ಹಡಗುಗಳಲ್ಲಿ ಇದು ಎರಡನೆಯದು, ಮೊದಲನೆಯದು ಜೇನ್.

ಹೋದ ವಾರ ಒಂದು ತಪ್ಪಾಗಿತ್ತು. ಹಳೆಯ ಚಿತ್ರ ನೋಡಿ ನಾಲ್ಕು ಚಿಮಣಿ ಅಂಟಿಸಿಬಿಟ್ಟಿದ್ದೆ. 1919ರಲ್ಲಿ ನೀರಿಗಿಳಿದಾಗ ನಾಲ್ಕಿದ್ದದ್ದು ನಿಜವೇ. ಆದರೆ 1940ರಲ್ಲಿ ಈ ಡೆಸ್ಟ್ರಾಯರನ್ನು, ಅಂದರೆ ವೇಗದ ಯುದ್ಧನೌಕೆಯನ್ನು, ಸಮುದ್ರದ ಮೈನ್ (ನೀರಿನಲ್ಲಿ ಅಡಗಿಸಿಟ್ಟ ಸಿಡಿಗುಂಡು) ತೆಗೆಯುವ ಹಡಗಾಗಿ ಬದಲಿಸುವಾಗ ಒಂದು ಬಾಯ್ಲರನ್ನೂ ಅದರ ಚಿಮಣಿಯನ್ನೂ ಕಿತ್ತಿದ್ದರು. ನಾನೂ ಹಿಂದಿನದನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ, ಗುಳಿಗೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಹಿಡಿದೆ. ಬೆಳಕಿಗೆ ಓರೆ ಮಾಡಿದರೆ ಕಲೆ ಇನ್ನೂ ಕಾಣುತ್ತದೆ. ಇರಲಿ ಬಿಡಿ, ಅಸಲು ಹಡಗೂ ತೇಪೆ ಹಾಕಿಸಿಕೊಂಡದ್ದೇ.

ಇಂಥ ಹಳೆಯ ಹಡಗಿಗೆ ಬಂದ ವೋಕ್ 1915ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ವಲಸೆ ಬಂದ ಯಹೂದಿ ಮನೆಯಲ್ಲಿ ಹುಟ್ಟಿದವರು. ರೇಡಿಯೋ ಹಾಸ್ಯಗಾರ ಫ್ರೆಡ್ ಅಲೆನ್‌ಗೆ ನಗೆಮಾತು ಬರೆದುಕೊಡುತ್ತಿದ್ದರು. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ನೌಕಾಪಡೆ ಸೇರಿ, ಸದರ್ಡ್‌ನಲ್ಲಿ ಕ್ಯಾಪ್ಟನ್ನನ ಕೆಳಗಿನ ಎರಡನೇ ಅಧಿಕಾರಿಯಾದರು. ಮೊದಲ ಕಾದಂಬರಿ ಶುರುವಾದದ್ದೂ ಹಡಗಿನಲ್ಲೇ.

ವೋಕ್ ಅವರ 1951ರ ಕಾದಂಬರಿ 'ದ ಕೇನ್ ಮ್ಯೂಟಿನಿ'ಯನ್ನು ಈ ತಿಂಗಳು ಮತ್ತೆ ಓದಿದೆ. ಕೇನ್ ಕೂಡ ಇಂಥದ್ದೇ ಹಳೆಯ ಮೈನ್ ಹಡಗು. ಒಂದಿಷ್ಟು ಸ್ಟ್ರಾಬೆರಿ ಕಾಣೆಯಾಯಿತೆಂದು ಕ್ಯಾಪ್ಟನ್ ಕ್ವೀಗ್ ಇಡೀ ಹಡಗಿನ ಕೀಲಿಕೈಗಳನ್ನು ಹುಡುಕಿಸುತ್ತಾನೆ, ಕೈಯಲ್ಲಿ ಉಕ್ಕಿನ ಗುಂಡುಗಳನ್ನು ಉರುಳಿಸುತ್ತಲೇ ಇರುತ್ತಾನೆ. ಚಂಡಮಾರುತದ ನಡುವೆ ಕೆಳಗಿನ ಅಧಿಕಾರಿಗಳು ಅವನ ಕೈಯಿಂದ ಹಡಗನ್ನು ಕಿತ್ತುಕೊಳ್ಳುತ್ತಾರೆ. ಮೊದಲ ಓದಿನಲ್ಲಿ ನನಗೂ ಅದು ಸರಿ ಅನ್ನಿಸಿತ್ತು. ಆದರೆ ಅವರನ್ನು ಕೋರ್ಟಿನಲ್ಲಿ ಗೆಲ್ಲಿಸಿದ ವಕೀಲ ಗ್ರೀನ್‌ವಾಲ್ಡನೇ ಸಂತೋಷಕೂಟದಲ್ಲಿ ಕೇಳುತ್ತಾನೆ: ನಾವೆಲ್ಲ ಓದು, ಸಂಪಾದನೆ ಅಂತಿದ್ದಾಗ ದೇಶದ ಕಾವಲಿಗೆ ನಿಂತವರು ಯಾರು? ಕ್ವೀಗನಂಥವರೇ ಅಲ್ಲವೇ? ಈ ಒಂದು ಅಧ್ಯಾಯಕ್ಕಾಗಿಯೇ ನಾನು ವೋಕ್ ಅವರನ್ನು ದೊಡ್ಡ ಲೇಖಕ ಅನ್ನುತ್ತೇನೆ. 1952ರಲ್ಲಿ ಈ ಕಾದಂಬರಿಗೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು.

ಪುಸ್ತಕ ಹೊರಬಂದ ವರ್ಷವೇ ಅವರ ಹಿರಿಯ ಮಗ ಏಬ್, ಐದು ವರ್ಷವೂ ತುಂಬದ ಕೂಸು, ಮೆಕ್ಸಿಕೋದಲ್ಲಿ ಈಜುಕೊಳಕ್ಕೆ ಬಿದ್ದು ತೀರಿಕೊಂಡ. 1978ರ 'ವಾರ್ ಅಂಡ್ ರಿಮೆಂಬ್ರೆನ್ಸ್' ಅವನಿಗೆ ಅರ್ಪಣೆ. ಇಪ್ಪತ್ತೇಳು ವರ್ಷದ ಮೇಲೆ! ಆ ಪುಟ ತೆರೆದವನು ಆ ಸಂಜೆ ಮತ್ತೆ ಉಳಿ ಹಿಡಿಯಲಿಲ್ಲ.

2019ರಲ್ಲಿ, 104ಕ್ಕೆ ಹತ್ತು ದಿನ ಉಳಿದಿರುವಾಗ ವೋಕ್ ಹೋದರು. ಸದರ್ಡ್ ಮಾತ್ರ ಯುದ್ಧ ಮುಗಿದ ಮರುತಿಂಗಳೇ, 1945ರ ಅಕ್ಟೋಬರಿನಲ್ಲಿ, ಜಪಾನಿನ ಓಕಿನಾವಾ ದ್ವೀಪದ ಚಂಡಮಾರುತಕ್ಕೆ ಸಿಕ್ಕಿ ಬಂಡೆಗೇರಿ ಮುಗಿದಿತ್ತು.

ಮುಂದಿನ ವಾರ ಬೂದು ಬಣ್ಣ ಎರಡು ಕೈ. ಆಮೇಲೆ ಮೂತಿಯ ಎರಡೂ ಬದಿಗೆ ಬಿಳಿಯಲ್ಲಿ 10 ಅಂತ ಬರೆಯಬೇಕು, ಅದೇ ಅದರ ಸಂಖ್ಯೆ. ಸಣ್ಣ ಕುಂಚ ತಂದಾಗಿದೆ.