ಕೆಂಬೂತವನ್ನು ಓಡಿಸಲ್ವಾ?

ನಮ್ಮ ಹಿತ್ತಲಿಗೆ ಕೆಂಬೂತ ಬರುತ್ತದೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ. 'ಅದು ಪಿಕಳಾರದ (ಬುಲ್‌ಬುಲ್ ಹಕ್ಕಿಯ) ಮರಿಗಳನ್ನು ತಿಂದುಹಾಕುತ್ತೆ ಅಲ್ವಾ? ನೋಡ್ಕೊಂಡು ಸುಮ್ನೆ ಹೇಗೆ ಕೂರ್ತೀರಿ?' ತಿನ್ನುತ್ತದೆ, ನಿಜ. ನಾನು ಓಡಿಸುವುದಿಲ್ಲ, ಅದೂ ನಿಜ.

ಗುರುತು ಸಿಗದವರಿಗೆ ಎರಡು ಮಾತು. ಕಾಗೆಗಿಂತ ಸ್ವಲ್ಪ ಉದ್ದ, ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಸಾಂಬಾರ ಕಾಗೆ ಅಂತಲೂ ಕರೆಯುತ್ತಾರೆ, ಆದರೆ ಕಾಗೆಗೂ ಇದಕ್ಕೂ ಸಂಬಂಧವಿಲ್ಲ. ಇದು ಕೋಗಿಲೆಯ ಬಳಗ. ಹಾಗಂತ ಮೊಟ್ಟೆಯನ್ನು ಕಾಗೆಯ ತಲೆಗೆ ಕಟ್ಟಿ ಹೋಗುವ ಜಾತಿಯಲ್ಲ. ತಾನೇ ಗೂಡು ಕಟ್ಟಿ, ತಾನೇ ಕಾವು ಕೊಟ್ಟು ಮರಿ ಸಾಕುತ್ತದೆ. ಬೆಳಿಗ್ಗೆ ಬಿದಿರು ಮೆಳೆಯೊಳಗಿಂದ 'ಊಪ್ ಊಪ್ ಊಪ್' ಅಂತ ಕೇಳುತ್ತದಲ್ಲ, ಅದು ಇದೇ. ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ. ಹೆಣ್ಣಿನ ದನಿ ಇನ್ನೂ ತಗ್ಗು.

ಹಾರುವುದೆಂದರೆ ಇದಕ್ಕೆ ಸೋಮಾರಿತನ. ಬೇಲಿಯ ಸಂದಿಯಿಂದ ನಡೆದೇ ಬರುತ್ತದೆ. ಬಾಳೆಯ ಬುಡ, ಕೆಸುವಿನ ಎಲೆಯ ಅಡಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಎಲ್ಲ ಒಂದು ಸುತ್ತು ತಪಾಸಣೆ. ಕಂಬಳಿಹುಳು, ಮಿಡತೆ, ಹಲ್ಲಿ, ಸಣ್ಣ ಹಾವು, ಏನು ಸಿಕ್ಕಿದರೂ ಸೈ. ಮಳೆಗಾಲದಲ್ಲಿ ಬಸವನಹುಳು. 1847ರಲ್ಲಿ ಕೋಲ್ಕತ್ತದಲ್ಲಿ ಯಾರೋ ತಂದು ಬಿಟ್ಟ ಆಫ್ರಿಕಾದ ಆ ದೊಡ್ಡ ಬಸವನಹುಳು ಈಗ ನಮ್ಮ ಅಡಿಕೆ ತೋಟಗಳಿಗೂ ಬಂದಿದೆ. ಕೆಂಬೂತ ಅದನ್ನು ತಿನ್ನುವುದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ಚಿಪ್ಪನ್ನು ಕಾಲಲ್ಲಿ ಅದುಮಿ ಹಿಡಿಯಿತು. ಅಂಚಿನಿಂದ ಕೊಕ್ಕು ತೂರಿಸಿ ಚೂರು ಚೂರೇ ಮುರಿಯಿತು. ಒಳಗಿದ್ದದ್ದನ್ನು ಎಳೆದು ನುಂಗಿದಾಗ ಕೊಕ್ಕಿಗೆಲ್ಲ ಲೋಳೆ. ಆಮೇಲೆ ನುಗ್ಗೆ ಕೊಂಬೆಗೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಉಜ್ಜಿ ಒರೆಸಿಕೊಂಡಿತು.

ಮರಿ ಕದಿಯುವುದನ್ನೂ ನೋಡಿದ್ದೇನೆ. ದಾಸವಾಳದ ಗಿಡದಲ್ಲಿ ಎದೆಯೆತ್ತರಕ್ಕೆ ಗೂಡಿತ್ತು. ಕೆಂಬೂತ ಬುಡದಿಂದ ಕೊಂಬೆ ಕೊಂಬೆ ಹತ್ತಿತು. ಪಿಕಳಾರದ ಜೋಡಿ ಕಿರುಚಾಡಿ ತಲೆಯ ಮೇಲೆ ಎರಗಿದರೂ ಕ್ಯಾರೇ ಅನ್ನಲಿಲ್ಲ. ಕಣ್ಣೂ ಬಿಡದ ಮರಿಯೊಂದನ್ನು ಕಚ್ಚಿಕೊಂಡು ಬೇಲಿಯೊಳಗೆ ನುಸುಳಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಆದರೆ ಆಗ ಮೆಳೆಯೊಳಗೆ ಅದರದ್ದೂ ಮರಿಗಳಿದ್ದವು. ಯಾರ ಮರಿ ಉಪವಾಸ ಬೀಳಬೇಕು ಅಂತ ತೀರ್ಮಾನ ಮಾಡುವವನು ನಾನಾ? ಪಿಕಳಾರವೂ ಗಟ್ಟಿ ಹಕ್ಕಿ. ಒಂದು ಗೂಡು ಹೋದರೆ ಅದೇ ಋತುವಿನಲ್ಲಿ ಇನ್ನೊಂದು ಕಟ್ಟುತ್ತದೆ, ಮತ್ತೆ ಎರಡು ಮೂರು ಮೊಟ್ಟೆ ಇಡುತ್ತದೆ. ಕೆಂಬೂತವನ್ನು ಓಡಿಸಿದರೂ ಕಾಗೆ ಇದೆ, ಮಟಪಕ್ಷಿ ಇದೆ, ಕೇರೆ ಹಾವಿದೆ. ಬೆಕ್ಕಂತೂ ಇದ್ದೇ ಇದೆ. ತಮಾಷೆ ಅಂದರೆ, ಈ ಪ್ರಶ್ನೆ ಕೇಳುವವರಲ್ಲಿ ಸುಮಾರು ಜನರ ಮನೆಯಲ್ಲಿ ಬೆಕ್ಕು ಸೋಫಾದ ಮೇಲೆ ಮಲಗಿರುತ್ತದೆ.

'ಹೋಗ್ಲಿ ಬಿಡಿ, ಬಸವನಹುಳು ತಿನ್ನುತ್ತಲ್ಲ, ಉಪಕಾರಿ' ಅಂತ ಕೆಲವರು ನನ್ನ ಪರವಾಗಿ ವಾದಿಸುತ್ತಾರೆ. ಅದೂ ನನಗೆ ಅಷ್ಟು ಸರಿ ಕಾಣುವುದಿಲ್ಲ. ಹಾಗೆ ಲೆಕ್ಕ ಹಾಕಿದರೆ, ಕೆಲಸಕ್ಕೆ ಬಾರದ ಹಕ್ಕಿಯನ್ನು ಓಡಿಸಬೇಕು ಅಂತಾಗುತ್ತದೆ.

ಪಿಕಳಾರಕ್ಕೆ ನಿಜಕ್ಕೂ ಸಹಾಯ ಮಾಡಬೇಕು ಅನ್ನಿಸಿದರೆ ಕತ್ತರಿ ಕೆಳಗಿಡಿ. ಗಿಡ ಸವರಿ ಚೊಕ್ಕ ಮಾಡಿದಷ್ಟೂ ಗೂಡು ಬಯಲಿಗೆ ಬೀಳುತ್ತದೆ. ಮೊಬೈಲ್ ಹಿಡಿದು ದಿನಾ ಇಣುಕಿದರೂ ಅಷ್ಟೇ, ಎಲೆ ಸರಿಸಿ ನೀವೇ ದಾರಿ ತೋರಿಸಿದ ಹಾಗೆ.

ಇನ್ನು ಕೆಂಬೂತವನ್ನೇ ರತ್ನಪಕ್ಷಿ ಅಂತ ಕರೆದು, ಕಂಡರೆ ಅದೃಷ್ಟ ಅನ್ನುವವರಿದ್ದಾರೆ. ಅದರಿಂದ ಹಕ್ಕಿಗೆ ತೊಂದರೆಯಿಲ್ಲ, ನಂಬಿಕೊಳ್ಳಲಿ. ಅದರ ಗೂಡಿನಲ್ಲಿ ಸಂಜೀವಿನಿ ಕಡ್ಡಿ ಇರುತ್ತದೆ ಅನ್ನುವ ಕಥೆ ಮಾತ್ರ ಅಪಾಯದ್ದು. ಅದಕ್ಕಾಗಿ ಗೂಡನ್ನೇ ಕಿತ್ತು ಹುಡುಕುವವರಿದ್ದಾರೆ. ಕಡ್ಡಿ, ಎಲೆ, ಹುಲ್ಲು ಬಿಟ್ಟರೆ ಅಲ್ಲಿ ಏನೂ ಇರುವುದಿಲ್ಲ. ಹಾಗಾಗಿ 'ಗೂಡು ಎಲ್ಲಿದೆ, ಒಂದ್ಸಲ ತೋರಿಸಿ' ಅಂದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.