ನೆಗಡಿ ಮಾತ್ರೆ, ರಾತ್ರಿ ಲೋಡು

ಹಿರಿಯೂರು ಹತ್ತಿರ ಹೈವೇ ಪಕ್ಕದ ಮೆಡಿಕಲ್ ಶಾಪಿಗೆ ಲಾರಿ ಡ್ರೈವರ್ ಒಬ್ಬರು ಬಂದು, "ಮೂಗು ಸೋರ್ತಾ ಇದೆ, ಏನಾದ್ರೂ ಕೊಡಣ್ಣ, ಬೆಳಗಾಗೋದ್ರೊಳಗೆ ಬೆಳಗಾವಿ ಮುಟ್ಟಬೇಕು" ಅಂದರು. ಅಂಗಡಿಯವರು ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರು. ಮಂಪರು ಬರುತ್ತೆ ಅನ್ನೋ ಎಚ್ಚರಿಕೆಯ ಸಾಲು ಅಂಗಡಿಯಲ್ಲಿ ಉಳಿದ ಅರ್ಧ ಸ್ಟ್ರಿಪ್ಪಿನಲ್ಲೇ ಉಳೀತು. ಬಾಯಲ್ಲೂ ಯಾರೂ ಹೇಳಲಿಲ್ಲ.

ಎಷ್ಟೋ ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮೂಗಿಗಷ್ಟೇ ನಿಲ್ಲೋದಿಲ್ಲ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ ಅನ್ನೋ ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತೆ. ಸೆಟ್ರಿಜಿನ್ ಕೂಡ ಕೆಲವರಿಗೆ ಮಂಪರು ತರುತ್ತೆ. ಕಣ್ಣು ತೆರೆದೇ ಇರುತ್ತೆ, ಕಾಲು ಬ್ರೇಕಿಗೆ ಹೋಗೋದು ತಡವಾಗುತ್ತೆ. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ತೂಕಡಿಸಿದರೆ ಲಾರಿ 50 ಮೀಟರ್ ಮುಂದೆ ಹೋಗಿರುತ್ತೆ, ಲೋಡ್ ಸಮೇತ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಕುಡಿತದ ಜೊತೆ ಡ್ರಗ್ಸ್ ಬಗ್ಗೆಯೂ ಹೇಳುತ್ತೆ. ಆದರೆ ಪೊಲೀಸರು ಊದಿಸುವ ಯಂತ್ರಕ್ಕೆ ಈ ಮಾತ್ರೆ ಸಿಗೋದಿಲ್ಲ. ಡ್ರೈವರನ್ನು ದೂರೋಕೆ ನನಗೆ ಮನಸ್ಸು ಬರಲ್ಲ. ನೆಗಡಿ ಅಂತ ಗಾಡಿ ನಿಲ್ಲಿಸಿದರೆ ಅವರ ಬತ್ತಾ ಯಾರು ಕೊಡ್ತಾರೆ?

ಫೆಕ್ಸೊಫೆನಡಿನ್ ಥರದ, ಮಂಪರು ಕಡಿಮೆ ಇರುವ ಮಾತ್ರೆಗಳೂ ಇವೆ. ನಿಮ್ಮ ಮನೇಲಿ ಲಾರಿ ಓಡಿಸೋರಿದ್ದರೆ, ಡಾಕ್ಟರ್ ಹತ್ತಿರ, ಮೆಡಿಕಲ್‌ನಲ್ಲಿ, "ನಾನು ಡ್ರೈವರ್, ರಾತ್ರಿ ಗಾಡಿ ಇದೆ" ಅಂತ ಮೊದಲೇ ಹೇಳೋಕೆ ದಯವಿಟ್ಟು ತಿಳಿಸಿ.